ಹಾಡಲೆಂದೇ ಹುಟ್ಟಿದವರೇ ನಾವು?

ಸಂಗೀತ ವಿಕಾಸದಲ್ಲಿ ನಮಗೆ ಬಂದ ಹುಟ್ಟುಗುಣವೇ, ಇಲ್ಲ ನಾವೇ ಮಾಡಿಕೊಂಡ ಸುಖವೇ? ಎರಡು ವಾದಗಳು ಇಲ್ಲಿವೆ.

ಪರ: ಗುಂಪನ್ನು ಉಳಿಸಿದ ಗುಣ

ಬೀಸುಕಲ್ಲಿನ ಮುಂದೆ ಎದುರುಬದುರಾಗಿ ಕುಳಿತು ಒಂದೇ ಗೂಟ ಹಿಡಿದ ಇಬ್ಬರು ಹೆಂಗಸರನ್ನು ನೆನೆದುಕೊಳ್ಳಿ. ಲಯ ತಪ್ಪಿದರೆ ಒಬ್ಬಳು ಎಳೆದ ಕಲ್ಲನ್ನು ಇನ್ನೊಬ್ಬಳೇ ತಡೆಯುತ್ತಾಳೆ. ಬೀಸುವ ಪದ ಕೂಡಿಬಂದರೆ ಮೊರದ ರಾಗಿ ಹಿಟ್ಟಾದದ್ದೇ ತಿಳಿಯುವುದಿಲ್ಲ. ಸಂಗೀತ ಹುಟ್ಟಿದ ಕಾರಣವನ್ನು ಇಂಥ ಕಡೆಯೇ ಹುಡುಕಬೇಕು. ಹಾಡು ಸಂಗಾತಿಯನ್ನು ಒಲಿಸಿಕೊಳ್ಳಲು ಬೆಳೆದ ಗುಣವೆಂದು ಡಾರ್ವಿನ್ 1871ರಲ್ಲಿ ಬರೆದನಾದರೂ, ಜೋಗುಳವನ್ನಾಗಲಿ ಸಾವಿನ ಮನೆಯ ಹಾಡನ್ನಾಗಲಿ ಆ ವಾದ ವಿವರಿಸಲಾರದು. ವಿಕಾಸ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಹೇಳುವುದು ನನಗೆ ಹೆಚ್ಚು ಒಪ್ಪಿತ: ಮೈ ಸವರಿ ಹೇನು ಹೆಕ್ಕಿ ನಂಟು ಕಾಯ್ದುಕೊಳ್ಳುವ ಮಂಗ ಒಂದು ಸಲಕ್ಕೆ ಒಂದೇ ಜೊತೆಗಾರನನ್ನು ತಲುಪಬಲ್ಲುದು, ಹಾಡಾದರೋ ಇಡೀ ಗುಂಪನ್ನು ಒಮ್ಮೆಗೇ ತಲುಪುತ್ತದೆ. ಸುಮ್ಮನೆ ಕೇಳಿದವರಿಗಿಂತ ತಾವೇ ಹಾಡಿ ಕುಣಿದವರಲ್ಲಿ ನೋವು ತಾಳುವ ಶಕ್ತಿ ಹೆಚ್ಚುವುದನ್ನು ಅವರ ತಂಡ 2012ರಲ್ಲಿ ತೋರಿಸಿತು; ನಂಟು ಬೆಸೆಯುವ ಎಂಡಾರ್ಫಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಒಸರುವುದರ ಸುಳಿವು ಇದೆಂಬುದು ಅವರ ಎಣಿಕೆ. ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ಸಿಕ್ಕ, ರಣಹದ್ದಿನ ರೆಕ್ಕೆಮೂಳೆಯಿಂದ ಮಾಡಿದ ಐದು ತೂತಿನ ಕೊಳಲು 35,000 ವರ್ಷಗಳಿಗಿಂತ ಹಳೆಯದು. ಹಿಮಯುಗದಲ್ಲಿ, ಹೊಟ್ಟೆ ಹೊರೆಯುವುದೇ ಕಷ್ಟವಾಗಿದ್ದಾಗ, ಬರಿಯ ಶೋಕಿಗಾಗಿ ಯಾರು ಅಷ್ಟು ಪಾಡು ಪಡುತ್ತಾರೆ?

ವಿರೋಧ: ಕಿವಿಯ ಮೈಸೂರುಪಾಕ್

ಕೊಳಲು ತನ್ನ ವಯಸ್ಸನ್ನು ಹೇಳುತ್ತದೆಯೇ ಹೊರತು ತನ್ನ ಕಾರಣವನ್ನು ಹೇಳುವುದಿಲ್ಲ. ಸಂಗೀತದಂತೆಯೇ ಬೆಂಕಿಯ ಬಳಕೆಯೂ ಜಗತ್ತಿನ ಎಲ್ಲೆಡೆ ಇದೆ. ಹಾಗೆಂದು ಒಲೆ ಹೊತ್ತಿಸುವ ವಿದ್ಯೆಯನ್ನು ಯಾರೂ ಹುಟ್ಟುತ್ತಲೇ ತರುವುದಿಲ್ಲ. ಮನೋವಿಜ್ಞಾನಿ ಸ್ಟೀವನ್ ಪಿಂಕರ್ 1997ರಲ್ಲಿ ಸಂಗೀತವನ್ನು ಕಿವಿಯ ಚೀಸ್‌ಕೇಕ್ ಎಂದು ಕರೆದು ಸಂಗೀತಗಾರರ ಕೋಪಕ್ಕೆ ಗುರಿಯಾದರು. (ನಮ್ಮವರಾಗಿದ್ದರೆ ಮೈಸೂರುಪಾಕ್ ಎನ್ನುತ್ತಿದ್ದರೇನೋ.) ಸಿಹಿಯೂ ಜಿಡ್ಡೂ ಅಪರೂಪವಾಗಿದ್ದ ಕಾಲದಲ್ಲಿ ಅವುಗಳ ಆಸೆ ನಾಲಿಗೆಗೆ ಅಂಟಿತು, ಆ ಆಸೆಯನ್ನು ತಣಿಸಲು ಮಿಠಾಯಿಯನ್ನು ನಾವೇ ಮಾಡಿಕೊಂಡೆವು, ಹಾಗೆಯೇ ಮಾತಿನ ಏರಿಳಿತವನ್ನೂ ಅಳುವಿನ ದನಿಯನ್ನೂ ಗುರುತಿಸಲು ಪಳಗಿದ ಮಿದುಳನ್ನು ರಾಗತಾಳಗಳು ಮೀಟುತ್ತವೆ ಎಂಬುದು ಅವರ ತರ್ಕ. ಹಾಡು ಕೇಳಿ ಮೈ ಜುಮ್ಮೆನ್ನುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ, ಸುಖದ ಅನುಭವಕ್ಕೆ ಸಂಬಂಧಿಸಿದ ರಾಸಾಯನಿಕ ಒಸರುವುದು 2011ರಲ್ಲಿ ಕೆನಡಾದ ಪ್ರಯೋಗವೊಂದರಲ್ಲಿ ಕಂಡುಬಂದದ್ದು ನಿಜವೇ, ಆದರೆ ಅದೇ ವ್ಯವಸ್ಥೆ ಊಟಕ್ಕೂ ಮಾದಕ ವಸ್ತುವಿಗೂ ಓಗೊಡುತ್ತದೆ. ಸ್ನೋಬಾಲ್ ಎಂಬ ಸಾಕಿದ ಕಾಕಟೂ ಗಿಣಿ ಹಾಡಿನ ವೇಗ ಬದಲಾದಂತೆ ತನ್ನ ಹೆಜ್ಜೆಯನ್ನೂ ಬದಲಿಸುವುದನ್ನು 2009ರಲ್ಲಿ ವಿಜ್ಞಾನಿಗಳು ದಾಖಲಿಸಿದರು; ಕಾಡಿನಲ್ಲಿ ಆ ಜಾತಿಗೆ ಮೇಳವೂ ಇಲ್ಲ, ತಾಳವೂ ಇಲ್ಲ. ಕೇಳಿದ ದನಿಯನ್ನು ಅನುಕರಿಸಿ ಕಲಿಯುವ ಮಿದುಳಿಗೆ ತಾಳವೂ ದಕ್ಕುತ್ತದೆ, ಅಷ್ಟೇ.

ಇನ್ನು ಬೀಸುವ ಪದ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅದು ಬಾಯಿಂದ ಮರೆಯಾಯಿತು. ಆ ಹೆಂಗಸರ ಮೊಮ್ಮಕ್ಕಳು ಈಗ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಪಕ್ಕದವರ ಮುಖವನ್ನೂ ನೋಡದೆ, ಕಣ್ಣುಮುಚ್ಚಿ ತಲೆದೂಗುತ್ತಾರೆ. ಒಗ್ಗೂಡಿಸಲೆಂದೇ ಹುಟ್ಟಿದ್ದಾಗಿದ್ದರೆ ಹಾಡು ಒಂಟಿಯಾಗಿ ಕೇಳಿದಾಗ ಇಷ್ಟು ರುಚಿಸಬೇಕಾಗಿರಲಿಲ್ಲ.