ಬಾನೆಟ್ ಕೊರೆಯುವ ಮೊದಲು ರೇಡಿಯೇಟರ್ ನೋಡಿ

ಬಾನೆಟ್‌ನಲ್ಲಿ, ಅಂದರೆ ಇಂಜಿನ್ ಮೇಲಿನ ಮುಚ್ಚಳದಲ್ಲಿ, ಎಲ್ಲಿ ವೆಂಟ್ (ಗಾಳಿ ಹೋಗುವ ತೂತು) ಕೊರೆದರೂ ಇಂಜಿನ್ ತಣ್ಣಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಇದನ್ನು ಒಪ್ಪುವುದು ಕಷ್ಟ. ಗಾಡಿ ಜೋರಾಗಿ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ. ಅಲ್ಲಿ ತೂತು ಮಾಡಿದರೆ ಒಳಗಿನ ಬಿಸಿ ಹೊರಗೆ ಹೋಗುವ ಬದಲು ಹೊರಗಿನ ಗಾಳಿಯೇ ಒಳಗೆ ನುಗ್ಗುತ್ತದೆ. ವೆಂಟ್ ಇರಬೇಕಾದ್ದು ಮುಂದೆ, ಇಂಜಿನ್‌ನ ನೀರನ್ನು ತಣಿಸುವ ರೇಡಿಯೇಟರ್ ದಾಟಿದ ಕೂಡಲೇ.

ನನ್ನ ಹಳೇ ಡೀಸೆಲ್ ಜೀಪಿಗೆ ಗಾಜಿನ ಹತ್ತಿರವೇ ಕೊರೆಸಿದ್ದೆ. ಚಾರ್ಮಾಡಿ ಘಾಟಿ ಹತ್ತುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಮತ್ತೆ ಕೆಂಪಿಗೇ ಬಂತು. ಮಳೆನೀರು ಒಳಗೆ ತೊಟ್ಟಿಕ್ಕಿದ್ದು ಬೇರೆ! ಕೊನೆಗೆ ನೋಡಿದರೆ ರೇಡಿಯೇಟರ್ ಜಾಲರಿಯಲ್ಲಿ ಕೆಸರು ಗಟ್ಟಿಯಾಗಿ ಕೂತಿತ್ತು. ಹಿಂದಿನಿಂದ ಪೈಪ್ ಹಿಡಿದು ತೊಳೆದೆ, ಸರಿಹೋಯಿತು. ತೂತು ಸುಮ್ನೆ ಹಾಗೇ ಇದೆ, ಮಳೆಗಾಲದಲ್ಲಿ ಟಾರ್ಪಾಲಿನ ತುಂಡು ಹೊದಿಸುತ್ತೇನೆ.