ಅಪ್ಪಯ್ಯನ ಓಟಿಪಿ ಯಾರ ಮೊಬೈಲಿಗೆ ಬರುತ್ತದೆ?

ಅಮೆರಿಕದಲ್ಲಿ ತೆರಿಗೆ ರಿಫಂಡು ಕದಿಯುವ ಕಳ್ಳ ನಮಗಿಂತ ಮೊದಲೇ ನಮ್ಮ ಹೆಸರಲ್ಲಿ ರಿಟರ್ನ್ ಹಾಕಿಬಿಡುತ್ತಾನೆ. ಅಲ್ಲಿನ ಗುರುತಿನ ಸಂಖ್ಯೆಯಾದ ಸೋಶಿಯಲ್ ಸೆಕ್ಯುರಿಟಿ ನಂಬರು ಕೈಗೆ ಸಿಕ್ಕರೆ ರಿಫಂಡು ಅವನಿಗೆ. ನಾವು ಹಾಕಲು ಹೋದಾಗ ‘ಈ ನಂಬರಿನ ರಿಟರ್ನ್ ಆಗಲೇ ಬಂದಿದೆ’ ಎಂದು ವಾಪಸ್. ಇದಕ್ಕೆ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ ಮದ್ದು ಐಪಿ ಪಿನ್, ರಿಟರ್ನ್ ಹಾಕುವವರು ನಾವೇ ಎಂದು ತೋರಿಸುವ ಗುಟ್ಟಿನ ಸಂಖ್ಯೆ. ಆರು ಅಂಕಿ, ಪ್ರತಿ ವರ್ಷ ಹೊಸದು. 2021ರಿಂದ ಗುರುತು ಸಾಬೀತುಪಡಿಸಿದ ಯಾರು ಬೇಕಾದರೂ ಪಡೆಯಬಹುದು.

ನಮ್ಮ ಶಿರಸಿ, ಕುಮಟಾ, ಕಾರವಾರದ ಕಡೆ ಕಳ್ಳನ ದಾರಿ ಬೇರೆ. ಭಾರತದಲ್ಲಿ ರಿಫಂಡು ಹೋಗುವುದು ಪ್ಯಾನ್ ಜೊತೆ ತಾಳೆಯಾದ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ದೃಢಪಟ್ಟ ಖಾತೆಗೆ ಮಾತ್ರ. ಹಾಗಾಗಿ ಅವನು ನಮ್ಮನ್ನೇ ಕೇಳಿ ಕದಿಯಬೇಕು. ‘ರಿಫಂಡ್ ಮಂಜೂರಾಗಿದೆ, ಖಾತೆ ಸರಿಪಡಿಸಿ’ ಎಂಬ ವಾಟ್ಸಾಪು, ಬೆನ್ನಿಗೊಂದು ಎಪಿಕೆ ಫೈಲು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಅದನ್ನು ಹಾಕಿಕೊಂಡು ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿ ನಾವು ಬಾಯಿ ಬಿಡದೆಯೇ ಅವನಿಗೆ ತಲುಪುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಕಳವಳ ತರುವ ಸಂಗತಿ ಇನ್ನೊಂದಿದೆ. ಅಡಿಕೆ ಬೆಳೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಎಂದರೆ ಠೇವಣಿ ಬಡ್ಡಿಯಲ್ಲಿ ಮುರಿದ ಟಿಡಿಎಸ್ ವಾಪಸ್ ಪಡೆಯುವುದು, ಅಷ್ಟೆ. ಪರಿಚಯದವರೊಬ್ಬರು ಮಾಡಿಕೊಡುತ್ತಾರೆ. ಪೋರ್ಟಲ್ ತೆರೆದರೆ ಅಪ್ಪಯ್ಯನ ಹೆಸರು, ಆಯಿಯ ಹೆಸರು ಸರಿ. ಮೊಬೈಲು, ಇಮೇಲು, ಪಾಸ್‌ವರ್ಡು ಮಾತ್ರ ಮಾಡಿಕೊಟ್ಟವರದ್ದು. ಇಲಾಖೆಯ ನೋಟಿಸೂ ಅವರಿಗೇ ಹೋಗುತ್ತದೆ. ಅವರು ಒಳ್ಳೆಯವರೇ ಇರಬಹುದು, ಆದರೆ ಅವರ ಫೋನು ಕಳೆದರೆ ಹತ್ತಾರು ಮನೆಗಳ ಬೀಗದ ಕೈ ಒಟ್ಟಿಗೇ ಹೋದಂತೆ. ರಿಫಂಡು ಹೆಚ್ಚಿಸಲು ಸುಳ್ಳು ಕಡಿತ ತೋರಿಸಿ ಕಮಿಷನ್ ಪಡೆಯುವವರು ಸಿಕ್ಕರಂತೂ ತೆರಿಗೆ, ಬಡ್ಡಿ, ಜೊತೆಗೆ ಶೇ. 200ರವರೆಗಿನ ದಂಡ ಬೀಳುವುದು ಅಪ್ಪಯ್ಯನ ತಲೆಗೇ.

ಅಮೆರಿಕದಲ್ಲಿ ದುಡ್ಡು ತೆಗೆದುಕೊಂಡು ರಿಟರ್ನ್ ಮಾಡಿಕೊಡುವವರು ಐಆರ್‌ಎಸ್ ಅವರಿಗೆ ಕೊಟ್ಟ ಪಿಟಿಐಎನ್ ಎಂಬ ನೋಂದಣಿ ನಂಬರು ಹಾಕಿ ಸಹಿ ಮಾಡಲೇಬೇಕು. ನಮ್ಮ ಪಾಸ್‌ವರ್ಡು ಅವರಿಗೆ ಬೇಕಾಗುವುದೇ ಇಲ್ಲ. ಈ ಪದ್ಧತಿ ನಮ್ಮೂರಿಗೂ ಬರಬೇಕು.

ಅಲ್ಲಿಯವರೆಗೆ ಈ ಸಲ ಊರಿಗೆ ಹೋದಾಗ ಹಿರಿಯರ ಪಕ್ಕ ಕೂತು ಪ್ರೊಫೈಲಿನಲ್ಲಿ ಅವರದೇ ಮೊಬೈಲು, ಮನೆಯವರ ಇಮೇಲು ಹಾಕಿ. ಪಾಸ್‌ವರ್ಡು ಬದಲಿಸಿ. ಪೋರ್ಟಲ್‌ನ ಹೆಚ್ಚುವರಿ ಬೀಗವಾದ ಇ-ಫೈಲಿಂಗ್ ವಾಲ್ಟ್‌ನಲ್ಲಿ ಆಧಾರ್ ಓಟಿಪಿ ಲಾಗಿನ್ ಆರಿಸಿದರೆ ಬರೀ ಪಾಸ್‌ವರ್ಡಿನಿಂದ ಯಾರೂ ಒಳಗೆ ಹೋಗಲಾರರು. ಅದಕ್ಕೆ ಮೊದಲು ಆಧಾರ್‌ಗೆ ಜೋಡಿಸಿದ ಸಿಮ್ ಚಾಲ್ತಿಯಲ್ಲಿದೆಯೇ ನೋಡಿ. ಪೋರ್ಟಲ್‌ನಲ್ಲೇ ಸಿಗುವ ವರ್ಷದ ಆದಾಯ, ವಹಿವಾಟುಗಳ ಪಟ್ಟಿ ಎಐಎಸ್ ತೆರೆದು ತಮ್ಮದಲ್ಲದ ಬಾಡಿಗೆ, ಜಿಎಸ್‌ಟಿ ವಹಿವಾಟು ಕಂಡರೆ ಅಲ್ಲೇ ಆಕ್ಷೇಪ ದಾಖಲಿಸಿ. ಪ್ಯಾನ್ ಮೇಲೆ ಯಾರಾದರೂ ಸಾಲ ಎತ್ತಿದ್ದರೆ ಸಾಲಗಳ ದಾಖಲೆಯಾದ ಸಿಬಿಲ್ ವರದಿಯಲ್ಲಿ ಸಿಗುತ್ತದೆ, ವರ್ಷಕ್ಕೊಂದು ಉಚಿತ. ನೋಟಿಸು ಬಂದರೆ ಅದರ ಮೇಲಿನ ಡಿಐಎನ್ ಎಂಬ ದಾಖಲೆ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಪರೀಕ್ಷಿಸಿ, ಲಾಗಿನ್ ಕೂಡ ಬೇಡ. ಗೋಕರ್ಣದ ಲಾಡ್ಜಿನಲ್ಲಿ ಆಧಾರ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ತೋರಿಸಿ.

ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಯಿಂದ ಮುಚ್ಚಿಡುವುದು ಬೇಡ. ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಖಾತೆ ಸಂಖ್ಯೆ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಿಳಿಸಿದರೆ ತಡೆಹಿಡಿಯಲು ಸಾಧ್ಯ.