ಸತ್ಯಾಂಶ: ದಿನಕ್ಕೆ ಮೂರು ಸೆಲ್ಫಿ ತೆಗೆದರೆ ಮಾನಸಿಕ ಕಾಯಿಲೆಯೇ?

ದಿನಕ್ಕೆ ಮೂರು ಬಾರಿ ಸೆಲ್ಫಿ ತೆಗೆಯುವುದು ‘ಸೆಲ್ಫೈಟಿಸ್’ ಎಂಬ ಮಾನಸಿಕ ಕಾಯಿಲೆ, ಅಮೆರಿಕದ ಮನೋವೈದ್ಯರ ಸಂಘವೇ ಹೀಗೆ ಘೋಷಿಸಿದೆ ಎಂಬ ಸಂದೇಶ ವರ್ಷಗಳಿಂದ ಹರಿದಾಡುತ್ತಿದೆ. ಸಂಘ ಅಂಥ ಘೋಷಣೆ ಮಾಡಿಯೇ ಇಲ್ಲ. 2014ರಲ್ಲಿ ವಿಡಂಬನೆಯ ಜಾಲತಾಣವೊಂದು ಹೆಣೆದ ಕಟ್ಟುಕಥೆ ಇದು. ಮುಂದೆ ಇಬ್ಬರು ಸಂಶೋಧಕರು ಅದೇ ಹೆಸರಿನಲ್ಲಿ ಸೆಲ್ಫಿ ಗೀಳನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದ್ದರಿಂದ ಗೊಂದಲ ಇನ್ನಷ್ಟು ಬೆಳೆಯಿತು. ಆದರೂ ಅಧಿಕೃತ ರೋಗಪಟ್ಟಿಗೆ ಅದು ಸೇರಿಲ್ಲ.

ಈ ಸಂದೇಶ ನಂಬಿ ಮಕ್ಕಳ ಸೆಲ್ಫಿ ಎಣಿಸುವವರು ನಿಜವಾದ ತೊಂದರೆಯನ್ನೇ ಕಾಣದೆ ಹೋಗಬಹುದು ಎಂಬುದು ನನ್ನ ಆತಂಕ. ಒಂದೂ ಚಿತ್ರ ಹಾಕದ ಹುಡುಗಿಯೂ ತನ್ನ ರೂಪದ ಚಿಂತೆಯಲ್ಲೇ ದಿನ ಕಳೆಯುತ್ತಿರಬಹುದು. 2020ರಲ್ಲಿ ಮನೋವಿಜ್ಞಾನಿ ಸೋಫಿಯಾ ಚೌಕಸ್-ಬ್ರಾಡ್ಲಿ ಮತ್ತು ಸಂಗಡಿಗರು ಹದಿಹರೆಯದವರಿಗಾಗಿ ಪ್ರಕಟಿಸಿದ 13 ಹೇಳಿಕೆಗಳ ಮಾಪಕ ಅಳೆಯುವುದು ಈ ಚಿಂತೆಯನ್ನೇ. ಒಬ್ಬರೇ ಇರುವಾಗಲೂ ‘ಚಿತ್ರದಲ್ಲಿ ನನ್ನ ಮೈಕಟ್ಟು ಹೇಗೆ ಕಂಡೀತು’ ಎಂದು ಊಹಿಸುವುದು, ತಮ್ಮ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದು, ಇಂಥವು ಎಷ್ಟು ಸಲ ಆಗುತ್ತವೆ ಎಂದು ಅದು ಕೇಳುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಕಳೆದ ಸಮಯವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹೆಚ್ಚು ಅಂಕಕ್ಕೂ ಖಿನ್ನತೆಯ ಲಕ್ಷಣಗಳಿಗೂ ನಂಟು ಕಂಡುಬಂದಿದೆ.

ಹಾಗೆಂದು ಈ ಅಂಕವನ್ನೂ ರೋಗದ ಪ್ರಮಾಣಪತ್ರ ಮಾಡಿಕೊಳ್ಳಬಾರದು. ಚಿಂತೆಯಿಂದ ಖಿನ್ನತೆಯೋ, ಖಿನ್ನತೆಯಿಂದ ಚಿಂತೆಯೋ ಎಂಬುದನ್ನು ಒಂದೇ ಸಲ ತುಂಬಿಸಿದ ಪ್ರಶ್ನಾವಳಿ ಹೇಳಲಾರದು. ಊಟ, ನಿದ್ದೆ, ಓದು ಕೆಡುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು.